ಕಿಟ್ಟು ಕೊಟ್ಟವರ ಫೋಟೋ, ಕೆಲಸ ಕಳೆದುಕೊಂಡವರ ಲೆಕ್ಕ

ಕೊರೋನಾ ಕಾಲದಲ್ಲಿ ಎಷ್ಟು ಕಿಟ್ಟು ಹಂಚಿದೆವು ಎಂಬ ಲೆಕ್ಕ ನಮ್ಮ ಸಂಘ ಸಂಸ್ಥೆಗಳ ಬಳಿ ಇದೆ. ವಾರ್ಷಿಕ ವರದಿಗಳಲ್ಲಿ ಅದು ಬಣ್ಣದ ಫೋಟೋಗಳ ಸಮೇತ ಅಚ್ಚಾಗಿದೆ. ಹತ್ತು ಕಿಲೋ ಅಕ್ಕಿ, ಒಂದಿಷ್ಟು ಬೇಳೆ, ಸಕ್ಕರೆ, ಚಹಾಪುಡಿ, ಒಂದು ಲೀಟರ್ ಎಣ್ಣೆ. ಚೀಲದ ಒಂದು ತುದಿಯನ್ನು ಹಿಡಿದುಕೊಂಡು ನಾಲ್ಕು ಮಂದಿ ಗಣ್ಯರು, ಇನ್ನೊಂದು ತುದಿಯಲ್ಲಿ ತಲೆ ತಗ್ಗಿಸಿದ ಒಬ್ಬಳು ಹೆಂಗಸು. ಆದರೆ ಅದೇ ಊರಿನಲ್ಲಿ, ಅದೇ ಮೊಹಲ್ಲಾದಲ್ಲಿ ಎಷ್ಟು ಮಂದಿ ಕೆಲಸ ಕಳೆದುಕೊಂಡರು, ಅವರಲ್ಲಿ ಎಷ್ಟು ಮಂದಿಗೆ ಆ ಕೆಲಸ ಮರಳಿ ಸಿಕ್ಕಿತು, ಎಷ್ಟು ಮಕ್ಕಳು ಶಾಲೆ ಬಿಟ್ಟು ಗ್ಯಾರೇಜು ಸೇರಿದರು, ಎಷ್ಟು ಮನೆಗಳ ಬಂಗಾರ ಅಡವಿಟ್ಟಲ್ಲೇ ಉಳಿಯಿತು ಎಂದು ಕೇಳಿ ನೋಡಿ. ಉತ್ತರ ಸಿಗುವುದು ಅಪರೂಪ. ಕೊಟ್ಟವರ ಲೆಕ್ಕ ಇಟ್ಟುಕೊಂಡು ಕಳೆದುಕೊಂಡವರ ಲೆಕ್ಕ ಇಡದ ಸಮಾಜಕ್ಕೆ ನಾವು ಏನೆಂದು ಹೆಸರಿಡಬೇಕು?

ಕಿಟ್ಟು ಹಂಚಿದ್ದು ತಪ್ಪು ಎಂದು ನಾವು ಹೇಳುತ್ತಿಲ್ಲ. ಪೊಲೀಸರ ಲಾಠಿ, ರೋಗದ ಭಯ ಎರಡನ್ನೂ ಲೆಕ್ಕಿಸದೆ ಬೀದಿಗಿಳಿದ ಯುವಕರ ಬಗ್ಗೆ ನಮಗೆ ಗೌರವವಿದೆ. ಹೆಣಗಳನ್ನು ಮುಟ್ಟಲು ಸ್ವಂತ ಮಕ್ಕಳೇ ಹೆದರಿದ್ದ ಆ ದಿನಗಳಲ್ಲಿ ಜಾತಿ ಧರ್ಮ ನೋಡದೆ ಅಂತ್ಯಕ್ರಿಯೆ ಮಾಡಿದವರು ಈ ನಾಡಿನ ಮಾನ ಉಳಿಸಿದರು. ನಮ್ಮ ತಕರಾರು ಇರುವುದು ಬೇರೆ ಕಡೆ. ಹಸಿದವನಿಗೆ ಅನ್ನ ಕೊಡುವುದು ತುರ್ತು. ಕೆಲಸ ಕಳೆದುಕೊಂಡವನು ಬರಿಯ ಹಸಿದವನಲ್ಲ. ಅವನಿಗೆ ಮನೆ ಬಾಡಿಗೆ ಕಟ್ಟಬೇಕು, ಸಂಘದ ಸಾಲದ ವಾರದ ಕಂತು ತುಂಬಬೇಕು, ತಾಯಿಯ ಸಕ್ಕರೆ ಕಾಯಿಲೆಯ ಗುಳಿಗೆ ತರಬೇಕು. ಅಕ್ಕಿ ಚೀಲ ಹದಿನೈದು ದಿನಕ್ಕೆ ಮುಗಿಯುತ್ತದೆ. ನಿರುದ್ಯೋಗ ಹದಿನೈದು ದಿನಕ್ಕೆ ಮುಗಿಯುವುದಿಲ್ಲ. ಈ ಸರಳ ಸತ್ಯವನ್ನು ಪ್ರಭುತ್ವವೂ ಅರ್ಥಮಾಡಿಕೊಳ್ಳಲಿಲ್ಲ, ಸಮುದಾಯದ ಮುಖಂಡರೂ ಅರ್ಥಮಾಡಿಕೊಳ್ಳಲಿಲ್ಲ.

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಗಳು ಟೀವಿಯಲ್ಲಿ ಬಂದು, ಅಂದು ಮಧ್ಯರಾತ್ರಿಯಿಂದ ಇಡೀ ದೇಶ ಬಂದ್ ಎಂದರು. ನೂರಮೂವತ್ತು ಕೋಟಿ ಜನರಿಗೆ ಸಿಕ್ಕಿದ್ದು ನಾಲ್ಕು ಗಂಟೆ. ಆ ಏಪ್ರಿಲ್ ಒಂದೇ ತಿಂಗಳಲ್ಲಿ 12 ಕೋಟಿಗೂ ಹೆಚ್ಚು ಮಂದಿ ದುಡಿಮೆ ಕಳೆದುಕೊಂಡರು ಎಂದು ಸಿ.ಎಂ.ಐ.ಇ. ಸಂಸ್ಥೆ ಅಂದಾಜಿಸಿತು. ಅದರಲ್ಲಿ ಬಹುಪಾಲು ದಿನಗೂಲಿಗಳು ಮತ್ತು ಸಣ್ಣಪುಟ್ಟ ವ್ಯಾಪಾರದವರು. ಬೇರೆ ರಾಜ್ಯಗಳಲ್ಲಿ ಸಿಕ್ಕಿಹಾಕಿಕೊಂಡ ಕಾರ್ಮಿಕರ ದೂರವಾಣಿ ಕರೆಗಳನ್ನು ಸ್ವೀಕರಿಸುತ್ತಿದ್ದ 'ಸ್ವಾನ್' ಎಂಬ ಸ್ವಯಂಸೇವಕರ ಜಾಲ ಏಪ್ರಿಲ್ ಮಧ್ಯದ ಹೊತ್ತಿಗೆ 11,159 ಕಾರ್ಮಿಕರ ಸ್ಥಿತಿಯನ್ನು ದಾಖಲಿಸಿತು. ಅವರಲ್ಲಿ ನೂರಕ್ಕೆ 96 ಮಂದಿಗೆ ಸರ್ಕಾರದ ರೇಷನ್ ಸಿಕ್ಕಿರಲಿಲ್ಲ. ನೂರಕ್ಕೆ 89 ಮಂದಿಗೆ ಮಾಲೀಕರು ಲಾಕ್‌ಡೌನ್ ದಿನಗಳ ಕೂಲಿ ಕೊಟ್ಟಿರಲಿಲ್ಲ.

ಕೂಲಿ ಕೊಡಬೇಕೆಂಬ ಆದೇಶ ಇರಲಿಲ್ಲವೇ? ಇತ್ತು. ಕೇಂದ್ರ ಗೃಹ ಸಚಿವಾಲಯ 2020ರ ಮಾರ್ಚ್ 29ರಂದು, ಲಾಕ್‌ಡೌನ್ ಅವಧಿಯ ಕೂಲಿಯನ್ನು ಕಡಿತವಿಲ್ಲದೆ ಕೊಡಬೇಕು, ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದು ಎಂದು ಆದೇಶಿಸಿತ್ತು. ಮಾಲೀಕರು ನ್ಯಾಯಾಲಯಕ್ಕೆ ಹೋದರು. ಮೇ ತಿಂಗಳ ಮಧ್ಯದಲ್ಲಿ ಸರ್ಕಾರವೇ ಆ ಆದೇಶವನ್ನು ಕೈಬಿಟ್ಟಿತು. ಜೂನ್ 12ರಂದು ಸುಪ್ರೀಂ ಕೋರ್ಟು, ಮಾಲೀಕರೂ ಕಾರ್ಮಿಕರೂ ಕೂತು ಮಾತಾಡಿ ಬಗೆಹರಿಸಿಕೊಳ್ಳಲಿ, ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಒಂದು ಕಡೆ ಕಂಪನಿ, ಅದರ ವಕೀಲರು. ಇನ್ನೊಂದು ಕಡೆ ಬಿಹಾರಕ್ಕೋ ಯಾದಗಿರಿಗೋ ನಡೆದುಕೊಂಡು ಹೊರಟಿರುವ ಗಾರೆ ಕೆಲಸದವನು. ಇವರಿಬ್ಬರೂ ಯಾವ ಮೇಜಿನ ಮುಂದೆ ಕೂತು ಮಾತಾಡಬೇಕಿತ್ತು? ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆಯೊಂದು ಆ ಜೂನ್ ತಿಂಗಳಲ್ಲೇ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಹೊರಗಿಟ್ಟಿತು. ಅವರಲ್ಲಿ ಬಹುಪಾಲು ಹೆಂಗಸರು. ಅವರು ಗೇಟಿನ ಮುಂದೆ ದಿನಗಟ್ಟಲೆ ಕೂತರು. ಯೂನಿಯನ್ ಜೊತೆಗಿತ್ತು. ಆದ್ದರಿಂದಲೇ ತಿಂಗಳುಗಳ ನಂತರವಾದರೂ ಮರುನೇಮಕದ ಒಪ್ಪಂದ ಆಯಿತು. ಯೂನಿಯನ್ ಇಲ್ಲದ ಕಡೆ ಆದದ್ದು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಇನ್ನು ಕರ್ನಾಟಕ ಸರ್ಕಾರದ ಆ ದಿನಗಳ ನಡೆಯನ್ನು ನೋಡಿ. 2020ರ ಮೇ 5ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಬಿಲ್ಡರುಗಳ ಜೊತೆ ಸಭೆ ನಡೆಸಿದರು. ಅದರ ಬೆನ್ನಿಗೇ, ವಲಸೆ ಕಾರ್ಮಿಕರನ್ನು ಊರಿಗೆ ಕಳಿಸುವ ವಿಶೇಷ ರೈಲುಗಳು ಬೇಡವೆಂದು ರೈಲ್ವೆಗೆ ಪತ್ರ ಹೋಯಿತು. ಕಾರ್ಮಿಕರು ಹೋಗಿಬಿಟ್ಟರೆ ಕಟ್ಟಡ ಕಟ್ಟುವವರು ಯಾರು ಎಂಬುದು ಚಿಂತೆ. ಕೂಲಿಯನ್ನೂ ಕೊಡದೆ, ಹೋಗಲೂ ಬಿಡದೆ ಇಟ್ಟುಕೊಳ್ಳುವುದಕ್ಕೆ ಹಿಂದೆ ಜೀತ ಎಂಬ ಹೆಸರಿತ್ತು. ದೇಶದಾದ್ಯಂತ ಛೀಮಾರಿ ಹಾಕಿಸಿಕೊಂಡ ಮೇಲೆ ಒಂದೆರಡು ದಿನಗಳಲ್ಲೇ ಸರ್ಕಾರ ತೀರ್ಮಾನ ಬದಲಿಸಿತು. ಅದೇ ತಿಂಗಳ 22ರಂದು ದಿನದ ಕೆಲಸವನ್ನು ಎಂಟರಿಂದ ಹತ್ತು ಗಂಟೆಗೆ ಏರಿಸುವ ಅಧಿಸೂಚನೆ ಹೊರಬಿತ್ತು. ಪ್ರಕರಣ ಹೈಕೋರ್ಟಿಗೆ ಹೋದಾಗ ಜೂನ್ 11ರಂದು ಅದನ್ನೂ ಹಿಂತೆಗೆದುಕೊಳ್ಳಬೇಕಾಯಿತು. ಕೆಲಸವೇ ಇಲ್ಲದೆ ಕೋಟಿಗಟ್ಟಲೆ ಮಂದಿ ಕೂತಿರುವಾಗ, ಇರುವ ಕೆಲಸಗಾರನಿಂದ ಎರಡು ಗಂಟೆ ಹೆಚ್ಚು ದುಡಿಸಬೇಕೆನ್ನುವ ಆಲೋಚನೆ ಯಾವ ಅರ್ಥಶಾಸ್ತ್ರದ್ದು?

ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಗಳ ಪರಿಹಾರ ಘೋಷಿಸಿತು. ಸುಮಾರು 2 ಲಕ್ಷ 30 ಸಾವಿರ ಕ್ಷೌರಿಕರಿಗೆ, 60 ಸಾವಿರ ಅಗಸರಿಗೆ, 7 ಲಕ್ಷ 75 ಸಾವಿರ ಆಟೋ ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಕೈಮಗ್ಗದ ನೇಕಾರರಿಗೆ 2,000. ಕಟ್ಟಡ ಕಾರ್ಮಿಕರಿಗೆ ಮೊದಲು ಹೇಳಿದ್ದ 2,000ದ ಜೊತೆಗೆ ಇನ್ನು 3,000. ಕೊಡುಗೆಯೆಂಬಂತೆ ಇದನ್ನು ಪತ್ರಿಕೆಗಳು ಬರೆದವು. ನಾವು ಇಲ್ಲಿ ಓದುಗರ ಗಮನವನ್ನು ಕಟ್ಟಡ ಕಾರ್ಮಿಕರ ಹಣದ ಕಡೆಗೆ ಸೆಳೆಯಬಯಸುತ್ತೇವೆ. ಯಾಕೆಂದರೆ ಅದು ಕೊಡುಗೆಯೇ ಆಗಿರಲಿಲ್ಲ.

1996ರ ಕಟ್ಟಡ ಕಾರ್ಮಿಕರ ಕಾಯಿದೆಗಳ ಪ್ರಕಾರ ಪ್ರತಿ ದೊಡ್ಡ ಕಟ್ಟಡದ, ರಸ್ತೆಯ, ಸೇತುವೆಯ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತಿತ್ತು. ಇದು ಕಾರ್ಮಿಕರ ಹೆಸರಿನಲ್ಲೇ ಕೂಡಿಟ್ಟ ಹಣ. 2020ರ ಮಾರ್ಚ್ 24ರಂದು ಕೇಂದ್ರ ಕಾರ್ಮಿಕ ಸಚಿವಾಲಯವೇ ರಾಜ್ಯಗಳಿಗೆ ಬರೆದ ಸಲಹೆಯ ಪ್ರಕಾರ ದೇಶದ ಎಲ್ಲ ಮಂಡಳಿಗಳಲ್ಲಿ ಸುಮಾರು 52,000 ಕೋಟಿ ರೂಪಾಯಿ ಇತ್ತು. ನೋಂದಾಯಿತ ಕಾರ್ಮಿಕರು ಸುಮಾರು 3 ಕೋಟಿ 50 ಲಕ್ಷ. ಗುಣಾಕಾರ ಭಾಗಾಕಾರ ಬಲ್ಲವರು ಮಾಡಿ ನೋಡಲಿ. ಸರಾಸರಿ ತಲೆಗೆ ಹದಿನಾಲ್ಕು ಸಾವಿರದ ಎಂಟುನೂರು ರೂಪಾಯಿಗಿಂತ ಹೆಚ್ಚು ಬರುತ್ತದೆ. ಕರ್ನಾಟಕದಲ್ಲಿ ಕೊಟ್ಟದ್ದು ಐದು ಸಾವಿರ, ಅದೂ ಎರಡು ಕಂತಿನಲ್ಲಿ. ಆ ಮೇ 6ರ ದಿನ ಸರ್ಕಾರವೇ ಹೇಳಿದ ಲೆಕ್ಕದ ಪ್ರಕಾರ ನೋಂದಾಯಿತರಾದ 15 ಲಕ್ಷ 80 ಸಾವಿರ ಮಂದಿಯಲ್ಲಿ ಮೊದಲ 2,000 ತಲುಪಿದ್ದು 11 ಲಕ್ಷ 80 ಸಾವಿರ ಮಂದಿಗೆ. ಉಳಿದ ನಾಲ್ಕು ಲಕ್ಷ ಮಂದಿಯ ಬ್ಯಾಂಕ್ ಖಾತೆಯ ವಿವರ ಪರಿಶೀಲನೆಯಲ್ಲಿತ್ತು! ಇವರು ಕಾರ್ಡು ಇದ್ದವರು. ಕಾರ್ಡೇ ಇಲ್ಲದವರನ್ನು ಈ ಲೆಕ್ಕದಲ್ಲಿ ಹುಡುಕಬೇಡಿ.

ಕಾರ್ಡು ಯಾಕಿಲ್ಲ? ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಅದನ್ನು ಕೊಡಬೇಕಾದವನು ಮೇಸ್ತ್ರಿ, ಇಲ್ಲವೇ ಕಂಟ್ರಾಕ್ಟರ್. ಕಾರ್ಮಿಕರ ಲೆಕ್ಕವನ್ನೇ ತೋರಿಸಲು ಇಷ್ಟವಿಲ್ಲದ ಕಂಟ್ರಾಕ್ಟರ್ ಸಹಿ ಹಾಕುವುದಿಲ್ಲ. ಅತ್ತ ಒಂದು ದಿನವೂ ಇಟ್ಟಿಗೆ ಮುಟ್ಟದವನು ಏಜೆಂಟರಿಗೆ ಕಾಸು ಕೊಟ್ಟು ಕಾರ್ಡು ಮಾಡಿಸಿಕೊಳ್ಳುತ್ತಾನೆ. ಹೀಗೆ ನಿಜವಾದ ಗಾರೆಯವನು ಹೊರಗೆ, ಬೋಗಸ್ ಕಾರ್ಮಿಕ ಒಳಗೆ. 2021ರಲ್ಲಿ ಇದೇ ಮಂಡಳಿಯ ಹಣದಲ್ಲಿ ಆಹಾರದ ಕಿಟ್ಟು ಕೊಂಡು ಹಂಚಲಾಯಿತು. ಕಾರ್ಮಿಕರ ದುಡ್ಡಿನಿಂದಲೇ ಅಕ್ಕಿ ಕೊಂಡು ಕಾರ್ಮಿಕರಿಗೇ ದಾನ ಮಾಡುವ ಈ ಜಾಣತನವನ್ನು ಮೆಚ್ಚಬೇಕಾದದ್ದೇ!

ಕರಾವಳಿಗೆ ಬಂದರೆ ಬೀಡಿಯ ಕತೆ. ದಕ್ಷಿಣ ಕನ್ನಡ, ಉಡುಪಿಗಳ ಬ್ಯಾರಿ, ಬಿಲ್ಲವ, ಮೊಗವೀರ, ದಲಿತ ಮನೆಗಳಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ಸಂಖ್ಯೆ ಸಣ್ಣದಲ್ಲ. ಮನೆಯ ಜಗಲಿಯಲ್ಲಿ ಕೂತು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಸಾವಿರಕ್ಕೆ ಇಷ್ಟೆಂದು ಕೂಲಿ ಎಣಿಸುವ ಇವರಿಗೆ ಕಾರ್ಖಾನೆಯ ಗೇಟಿಲ್ಲ. ಆದ್ದರಿಂದ ಕೆಲಸದಿಂದ ತೆಗೆದರು ಎಂದು ಹೇಳಲು ಸಾಕ್ಷಿಯೂ ಇಲ್ಲ. ಬೀಡಿ ಬ್ರಾಂಚಿನಿಂದ ಎಲೆ ಬರುವುದು ನಿಂತರೆ ಅದೇ ಅವರ ಲೇ ಆಫ್. 2020ರ ಮಾರ್ಚ್ ಕೊನೆಯಲ್ಲಿ ಎಲೆ ನಿಂತಿತು. ಈ ಹೆಂಗಸರ ಕಲ್ಯಾಣಕ್ಕೆಂದೇ 1976ರಲ್ಲಿ ಕಾಯಿದೆ ಮಾಡಿ ಬೀಡಿಯ ಮೇಲೆ ಸೆಸ್ ಹಾಕಿ ನಿಧಿಯೊಂದನ್ನು ಸ್ಥಾಪಿಸಲಾಗಿತ್ತು. ಮಕ್ಕಳ ವಿದ್ಯಾರ್ಥಿವೇತನ, ಆಸ್ಪತ್ರೆ, ಮನೆ ಕಟ್ಟಲು ನೆರವು ಅದರಿಂದ ಬರುತ್ತಿತ್ತು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ ರದ್ದಾಯಿತು. ತೆರಿಗೆ ಮಾತ್ರ ಉಳಿಯಿತು. ತಮಗಾಗಿ ತಾವೇ ಕಟ್ಟಿದ ಬೀಡಿಯ ಮೇಲೆ ಎತ್ತುತ್ತಿದ್ದ ಹಣದ ಮೂಲ ಬತ್ತಿ ಹೋದ ಮೂರೇ ವರ್ಷಕ್ಕೆ ಈ ಹೆಂಗಸರು ಲಾಕ್‌ಡೌನ್ ಎದುರಿಸಿದರು. ಬೀಡಿ ಆರೋಗ್ಯಕ್ಕೆ ಹಾನಿಕರ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಆ ಹಾನಿಯ ಮೊದಲ ಪಾಲನ್ನು ಶ್ವಾಸಕೋಶದಲ್ಲಿ ತುಂಬಿಕೊಂಡವರು ಕಟ್ಟಿದವರೇ. ಅವರಿಗೆ ಬದಲಿ ದುಡಿಮೆ ತೋರಿಸದೆ ಬುದ್ಧಿವಾದ ಹೇಳುವ ಹಕ್ಕು ಯಾರಿಗೂ ಇಲ್ಲ.

ಅದೇ ಮನೆಗಳ ಗಂಡಸರು ಗಲ್ಫಿನಲ್ಲಿದ್ದರು. 2020ರ ಮೇ 12ರಂದು ದುಬೈಯಿಂದ ಮೊದಲ ವಿಶೇಷ ವಿಮಾನ ಮಂಗಳೂರಿಗೆ ಇಳಿಯಿತು. ಆಮೇಲೆ ಬಂದವರಲ್ಲಿ ಅನೇಕರು ಕೆಲಸ ಹೋದವರು, ಬಾಕಿ ಸಂಬಳ ಕೈಗೆ ಬಾರದವರು. ಪಕ್ಕದ ಕೇರಳದಲ್ಲಿ ಪ್ರವಾಸಿಗಳಿಗೆಂದೇ ಕಲ್ಯಾಣ ಮಂಡಳಿಯಿದೆ, ನೋರ್ಕಾ ಎಂಬ ಇಲಾಖೆಯಿದೆ. ಆ ವರ್ಷ ಮರಳಿ ಬಂದು ವಾಪಸು ಹೋಗಲಾಗದವರಿಗೆ ಅಲ್ಲಿ 5,000 ರೂಪಾಯಿ ಕೊಡುವ ವ್ಯವಸ್ಥೆ ಮಾಡಿದರು. ಮೊತ್ತ ಸಣ್ಣದು. ಆದರೆ ಹೋದವರ, ಬಂದವರ ಹೆಸರು ಬರೆದಿಡುವ ಒಂದು ಕಚೇರಿ ಇತ್ತು ಎಂಬುದು ಮುಖ್ಯ. ನಮ್ಮ ಕರಾವಳಿಯ ಅರ್ಧ ಶತಮಾನದ ಗಲ್ಫ್ ದುಡಿಮೆಯಲ್ಲಿ ಎತ್ತರದ ಮಿನಾರಗಳು ಎದ್ದವು, ಹವಾನಿಯಂತ್ರಿತ ಮದುವೆ ಹಾಲ್‌ಗಳು ಎದ್ದವು. ಮರಳಿ ಬಂದವನು ಹೋಗಿ ಹೆಸರು ಬರೆಸುವ ಒಂದು ಮೇಜು ಎದ್ದಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕವಾಗುವುದಿಲ್ಲ. ಮುಸ್ಲಿಂ ಕಾರ್ಮಿಕನಿಗೆ ಆ ಕಾಲದಲ್ಲಿ ಕೆಲಸ ಹೋಗಲು ವೈರಾಣುವೂ ಬೇಕಿರಲಿಲ್ಲ. ನಿಜಾಮುದ್ದೀನ್ ಸಭೆಯ ಸುದ್ದಿಯ ನಂತರ ತರಕಾರಿ ಗಾಡಿಯವನ ಹೆಸರು ಕೇಳಿ ಕೊಳ್ಳುವ, ಬೀದಿಗೇ ಬರಬೇಡವೆನ್ನುವ ರೋಗ ಹಬ್ಬಿತು. ಮುಸ್ಲಿಮರ ವಿರುದ್ಧ ಮಾತಾಡಿದರೆ ಕ್ರಮ ಕೈಗೊಳ್ಳುವುದಾಗಿ ಯಡಿಯೂರಪ್ಪನವರು 2020ರ ಏಪ್ರಿಲ್‌ನಲ್ಲಿ ಎಚ್ಚರಿಸಿದ್ದನ್ನು ನಾವು ಮರೆತಿಲ್ಲ. ಆದರೆ ಅವರದೇ ಪಕ್ಷದ ಬೆಂಗಳೂರು ದಕ್ಷಿಣದ ಸಂಸದರು 2021ರ ಮೇ 4ರಂದು ಬಿಬಿಎಂಪಿಯ ಕೋವಿಡ್ ವಾರ್ ರೂಮಿಗೆ ಹೋಗಿ, ಹಾಸಿಗೆ ಹಗರಣದ ಹೆಸರಿನಲ್ಲಿ, ಇನ್ನೂರಕ್ಕೂ ಹೆಚ್ಚು ನೌಕರರಲ್ಲಿ 17 ಮಂದಿ ಮುಸ್ಲಿಂ ಯುವಕರ ಹೆಸರುಗಳನ್ನು ಮಾತ್ರ ಓದಿಸಿದರು. ಆ ಗುತ್ತಿಗೆ ನೌಕರರು ಕೆಲಸದಿಂದ ಹೊರಬಿದ್ದರು. ಹಗಲು ರಾತ್ರಿ ರೋಗಿಗಳ ಕರೆ ಸ್ವೀಕರಿಸುತ್ತಿದ್ದವರು ಒಂದೇ ವಿಡಿಯೋದಿಂದ ಅಪರಾಧಿಗಳಾದರು. ಅವರ ಮೇಲಿನ ಆರೋಪಕ್ಕೆ ಆಧಾರ ಸಿಗಲಿಲ್ಲ. ತಬ್ಲೀಗಿಗಳನ್ನು ಬಲಿಪಶು ಮಾಡಲಾಯಿತೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2020ರ ಆಗಸ್ಟ್‌ನಲ್ಲೇ ಹೇಳಿತ್ತು. ತೀರ್ಪು ಬರುತ್ತದೆ, ಗಿರಾಕಿ ಮರಳಿ ಬರುವುದಿಲ್ಲ. ಹೀಗೆ ಹೋದ ದುಡಿಮೆಗೆ ಪರಿಹಾರ ಕೊಡುವ ಯಾವ ಮಂಡಳಿಯೂ ಈ ದೇಶದಲ್ಲಿಲ್ಲ.

ಪ್ರಭುತ್ವದ ಬಗ್ಗೆ ಇಷ್ಟು ಹೇಳಿದ ಮೇಲೆ ನಮ್ಮವರ ಕಡೆ ತಿರುಗೋಣ. ಪ್ರಭುತ್ವವನ್ನು ಬೈಯುವುದು ಸುಲಭ. ನಮ್ಮ ಜಮಾಅತ್ ಕಮಿಟಿಯ ಅಧ್ಯಕ್ಷರನ್ನು ಲೆಕ್ಕ ಕೇಳುವುದು ಕಷ್ಟ.

ಝಕಾತ್ ಎಂಬುದು ಉಳ್ಳವನ ಔದಾರ್ಯವಲ್ಲ, ಇಲ್ಲದವನ ಹಕ್ಕು ಎಂದು ಪ್ರತಿ ರಂಝಾನಿನಲ್ಲೂ ಭಾಷಣ ಕೇಳುತ್ತೇವೆ. ಹಾಗಾದರೆ ಹಕ್ಕುದಾರನು ಯಾಕೆ ಕೈಯೊಡ್ಡಿ ಸಾಲಿನಲ್ಲಿ ನಿಲ್ಲಬೇಕು? ಕುರ್‌ಆನ್ ಝಕಾತಿಗೆ ಎಂಟು ಬಾಬತ್ತುಗಳನ್ನು ಹೇಳುತ್ತದೆ. ಬಡವರು, ನಿರ್ಗತಿಕರ ಜೊತೆಗೆ ಸಾಲದಲ್ಲಿ ಮುಳುಗಿದವರು ಅದರಲ್ಲಿದ್ದಾರೆ. ದಾರಿಯಲ್ಲಿ ಸಿಕ್ಕಿಹಾಕಿಕೊಂಡ ಪ್ರಯಾಣಿಕನಿದ್ದಾನೆ. 2020ರ ಬೇಸಿಗೆಯಲ್ಲಿ ಹೆದ್ದಾರಿಯಲ್ಲಿ ನಡೆಯುತ್ತಿದ್ದ ವಲಸೆ ಕಾರ್ಮಿಕನಿಗಿಂತ ಸ್ಪಷ್ಟವಾಗಿ ಆ ಮಾತಿಗೆ ಹೊಂದುವವನು ಯಾರಿದ್ದ? ಇನ್ನೂ ಒಂದು ಬಾಬತ್ತಿದೆ. ಅದು ಝಕಾತನ್ನು ಸಂಗ್ರಹಿಸಿ ನಿರ್ವಹಿಸುವ ಕೆಲಸಗಾರರದು. ಅಂದರೆ ಝಕಾತ್ ಒಂದು ವ್ಯವಸ್ಥೆಯಾಗಿ ನಡೆಯಬೇಕೆಂಬ ಕಲ್ಪನೆ ಅದರೊಳಗೇ ಇದೆ. ಲೆಕ್ಕದ ಪುಸ್ತಕ ಇಲ್ಲದೆ, ಸಂಬಳದ ಗುಮಾಸ್ತನಿಲ್ಲದೆ, ಧನಿಕರು ತಮ್ಮ ಗೇಟಿನ ಮುಂದೆ ನೂರು ರೂಪಾಯಿಯ ನೋಟು ಹಂಚಿ ಪುಣ್ಯ ಗಳಿಸುವುದು ಆ ಕಲ್ಪನೆಗೆ ತೀರಾ ದೂರ.

ನೂರು ಮನೆಗೆ ನೂರು ನೂರು ರೂಪಾಯಿ ಹಂಚಿದರೆ ಹತ್ತು ಸಾವಿರ ಖರ್ಚಾಗುತ್ತದೆ, ಯಾರ ಬದುಕೂ ಬದಲಾಗುವುದಿಲ್ಲ. ಅದೇ ಹತ್ತು ಸಾವಿರದಲ್ಲಿ ಕೆಲಸ ಕಳೆದುಕೊಂಡ ಒಬ್ಬ ಟೈಲರನ ಎರಡು ತಿಂಗಳ ಬಾಡಿಗೆ ಕಟ್ಟಿದರೆ ಅವನ ಹೊಲಿಗೆ ಯಂತ್ರ ಮಾರಾಟವಾಗದೆ ಉಳಿಯುತ್ತದೆ. ಯಂತ್ರ ಉಳಿದರೆ ಸಂಸಾರ ಉಳಿಯುತ್ತದೆ. ಇದು ದೊಡ್ಡ ಶಾಸ್ತ್ರವೇನಲ್ಲ, ಸಾಮಾನ್ಯ ವಿವೇಕ.

ಬಡ್ಡಿಯಿಲ್ಲದ ಸಾಲ, ಅಂದರೆ ಕರ್ಝೆ ಹಸನಾ, ಎಂಬ ಮಾತನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ನಮ್ಮ ಮೊಹಲ್ಲಾಗಳ ಹೆಂಗಸರು ಮೈಕ್ರೋ ಫೈನಾನ್ಸಿನ ವಾರದ ಕಂತಿಗಾಗಿ ಮೂಗುತಿ ಮಾರುತ್ತಾರೆ. ಬಡ್ಡಿ ಹರಾಂ ಎಂದು ಮಿಂಬರಿನಿಂದ ಹೇಳುವುದು ಸಾಕಾಗುವುದಿಲ್ಲ. ಬಡ್ಡಿ ಬೇಡದ ಒಂದು ಪೆಟ್ಟಿಗೆಯನ್ನು ಮಸೀದಿಯ ಕಚೇರಿಯಲ್ಲಿ ಇಡಬೇಕು. ಅಂಥ ನಿಧಿಗಳನ್ನು ಅಲ್ಲಲ್ಲಿ ನಡೆಸುತ್ತಿರುವವರಿದ್ದಾರೆ. ಅವರ ಸಂಖ್ಯೆಯನ್ನು ಮದುವೆ ಹಾಲ್‌ಗಳ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಮುಖಂಡರ ಆದ್ಯತೆ ಏನೆಂದು ತಿಳಿಯುತ್ತದೆ.

ವಕ್ಫ್ ಆಸ್ತಿಯ ವಿಷಯವೂ ಇದೇ. 2025ರ ವಕ್ಫ್ ತಿದ್ದುಪಡಿ ಕಾಯಿದೆಯ ವಿರುದ್ಧ ನಾವೆಲ್ಲ ಬೀದಿಗಿಳಿದೆವು. ಇಳಿಯಬೇಕಾದದ್ದೇ. ಸಮುದಾಯದ ಆಸ್ತಿಯ ಮೇಲೆ ಸರ್ಕಾರದ ಕೈ ಬೀಳುವುದನ್ನು ಒಪ್ಪಲಾಗದು. ಆದರೆ ಆ ಆಸ್ತಿಯನ್ನು ಬಿಟ್ಟುಹೋದ ಹಿರಿಯರು ಮುಸಾಫಿರ್ ಖಾನೆ, ಬಾವಿ, ಮದರಸ, ಬಡವರ ಊಟ ಎಂದು ಉದ್ದೇಶ ಬರೆದಿಟ್ಟಿದ್ದರು. ವಕ್ಫ್ ಮಳಿಗೆಯನ್ನು ಬಿಡಿಗಾಸಿನ ಬಾಡಿಗೆಗೆ ಹಿಡಿದು ಒಳಬಾಡಿಗೆಗೆ ಕೊಟ್ಟು ಲಾಭ ಮಾಡುವ ನಮ್ಮವರೇ ಆದ ಪ್ರತಿಷ್ಠಿತರ ವಿರುದ್ಧ ಎಷ್ಟು ಮೆರವಣಿಗೆ ನಡೆದಿದೆ? ಲಾಕ್‌ಡೌನ್ ತಿಂಗಳುಗಳಲ್ಲಿ ತನ್ನ ಕೋಣೆಗಳಲ್ಲಿದ್ದ ಕಾರ್ಮಿಕರ ಬಾಡಿಗೆಯನ್ನು ಮನ್ನಾ ಮಾಡಿದ್ದೇವೆಂದು ನೋಟೀಸು ಬೋರ್ಡಿನಲ್ಲಿ ಬರೆದು ಹಾಕಿದ ಕಮಿಟಿಗಳು ಎಷ್ಟು?

ಇಲ್ಲಿ ಮೂರು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಇದೆಲ್ಲ ಸರ್ಕಾರದ ಕರ್ತವ್ಯ, ಸಮುದಾಯ ಯಾಕೆ ಹೊರಬೇಕು ಎಂಬುದು. ಕರ್ತವ್ಯ ಸರ್ಕಾರದ್ದೇ. ಆದರೆ ಸರ್ಕಾರದ ಹಣ ಅರ್ಹನಿಗೆ ತಲುಪಬೇಕಾದರೆ ಅವನ ಕೈಯಲ್ಲಿ ಕಾಗದವಿರಬೇಕು, ಕಾಗದ ಮಾಡಿಸಲು ಯಾರಾದರೂ ಜೊತೆಗೆ ಬರಬೇಕು. ಆ ನಾಲ್ಕು ಲಕ್ಷ ಕಟ್ಟಡ ಕಾರ್ಮಿಕರಿಗೆ ಅಂದು ತುರ್ತಾಗಿ ಬೇಕಿದ್ದದ್ದು ಖಾತೆಯ ವಿವರ ಸರಿಮಾಡಿ ಕೊಡುವ ಒಬ್ಬ ಹುಡುಗ. ಸಮುದಾಯದ ಸಂಪನ್ಮೂಲವೆಂದರೆ ದುಡ್ಡು ಮಾತ್ರ ಅಲ್ಲ. ಅರ್ಜಿ ತುಂಬಬಲ್ಲ ಪದವೀಧರರು, ಕಾನೂನು ಬಲ್ಲ ವಕೀಲರು, ರಾತ್ರಿ ಖಾಲಿ ಬಿದ್ದಿರುವ ಮದರಸದ ಕೋಣೆಗಳು, ಧ್ವನಿವರ್ಧಕ ಎಲ್ಲವೂ ಸಂಪನ್ಮೂಲವೇ. ಕಾರ್ಮಿಕ ಕಾರ್ಡಿನ ಕೊನೆಯ ದಿನಾಂಕವನ್ನು ಜುಮಾದ ನಂತರ ಹೇಳಿದರೆ ಯಾರ ಪಾವಿತ್ರ್ಯಕ್ಕೂ ಭಂಗವಾಗದು.

ಎರಡನೆಯದು, ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕು, ಲೆಕ್ಕ ಬಹಿರಂಗಪಡಿಸುವುದು ತರವಲ್ಲ ಎಂಬುದು. ಪಡೆದವನ ಹೆಸರನ್ನು ಗುಟ್ಟಾಗಿಡಿ ಎಂದು ನಾವೂ ಹೇಳುತ್ತೇವೆ. ವಿಚಿತ್ರವೆಂದರೆ ಈಗ ಪಡೆದವನ ಮುಖ ಫೋಟೋದಲ್ಲಿ ಬಹಿರಂಗವಾಗುತ್ತಿದೆ, ನಿಧಿಯ ಲೆಕ್ಕ ಮಾತ್ರ ಗುಟ್ಟಾಗಿರುತ್ತದೆ. ಇದನ್ನು ತಿರುಗಿಸಬೇಕು.

ಮೂರನೆಯದು, ಮುಸ್ಲಿಮರ ಹಣ ಮುಸ್ಲಿಮರಿಗೇ ಸಾಲದು, ಇತರರಿಗೆ ಯಾಕೆ ಎಂಬುದು. ಕೆಲಸ ಕಳೆದುಕೊಳ್ಳುವಾಗ ಯಾರೂ ಒಬ್ಬೊಬ್ಬರೇ ಕಳೆದುಕೊಳ್ಳಲಿಲ್ಲ. ಬೀಡಿ ಬ್ರಾಂಚು ಮುಚ್ಚಿದಾಗ ಆಯಿಶಾಳೂ ಗಿರಿಜಳೂ ಒಟ್ಟಿಗೇ ಖಾಲಿ ಕೈಯಲ್ಲಿ ಮನೆಗೆ ಬಂದರು. ಝಕಾತಿನ ಹಣ ಯಾರಿಗೆ ಸಲ್ಲಬೇಕೆಂಬ ಬಗ್ಗೆ ಪಂಡಿತರಲ್ಲಿ ಅಭಿಪ್ರಾಯಭೇದವಿದ್ದರೆ ಇರಲಿ. ಸದಕಾ ಕೊಡಲು ಯಾವ ಅಡ್ಡಿಯೂ ಇಲ್ಲ, ಅರ್ಜಿ ಬರೆದುಕೊಡಲು ಅಂತೂ ಇಲ್ಲವೇ ಇಲ್ಲ. ಗುರುದ್ವಾರದ ಲಂಗರಿನಲ್ಲಿ ಯಾರೂ ಜಾತಿ ಕೇಳುವುದಿಲ್ಲ. ಶರಣರು ದಾಸೋಹವನ್ನು ಕಾಯಕದ ಜೊತೆಗೇ ಇಟ್ಟು ನೋಡಿದರು. ಉಣಿಸುವವನು ದೊಡ್ಡವನಾಗದಂತೆ, ಉಣ್ಣುವವನು ಸಣ್ಣವನಾಗದಂತೆ ನೋಡಿಕೊಳ್ಳುವ ಪರಂಪರೆ ಈ ನೆಲದ್ದೇ. ಅದನ್ನು ಬೇರೆ ಕಡೆಯಿಂದ ತರಬೇಕಾಗಿಲ್ಲ.

ಹಾಗಾದರೆ ಏನಾಗಬೇಕು? ನಾವು ಅಸಾಧ್ಯವಾದದ್ದನ್ನು ಕೇಳುತ್ತಿಲ್ಲ. ಪ್ರತಿ ಜಮಾಅತ್, ಪ್ರತಿ ಯುವಕ ಮಂಡಲ, ಪ್ರತಿ ಮಹಿಳಾ ಸಂಘ ತನ್ನ ವ್ಯಾಪ್ತಿಯ ದುಡಿಯುವವರ ಒಂದು ರಿಜಿಸ್ಟರ್ ಇಡಲಿ. ಯಾರು ಏನು ಕೆಲಸ ಮಾಡುತ್ತಾರೆ, ಯಾವ ಕಾರ್ಡಿದೆ, ಯಾವುದಿಲ್ಲ ಎಂಬುದಷ್ಟೇ ಅದರಲ್ಲಿ ಸಾಕು. ಬೀಡಿ ಕಟ್ಟುವವರ ಪಾಸ್ ಬುಕ್ಕು, ಪಿ.ಎಫ್. ಸಂಖ್ಯೆ ಅವರ ಕೈಯಲ್ಲೇ ಇದೆಯೋ ಇಲ್ಲವೋ ನೋಡಲಿ. ವಾರಕ್ಕೊಂದು ಸಂಜೆ ಕಾಗದಪತ್ರದ ಮೇಜು ನಡೆಯಲಿ. ಇ.ಎಸ್.ಐ. ಇದ್ದವನು ಕೆಲಸ ಕಳೆದುಕೊಂಡಾಗ ಅವನಿಗೆಂದೇ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಎಂಬ ಯೋಜನೆ 2018ರಲ್ಲಿ ಬಂದಿತ್ತು. 2020ರಲ್ಲಿ ಅದರ ನೆರವನ್ನು ಕೂಲಿಯ ಕಾಲು ಭಾಗದಿಂದ ಅರ್ಧಕ್ಕೆ ಏರಿಸಿ, 90 ದಿನಗಳವರೆಗೆ ಕೊಡಲು ಒಪ್ಪಿದರು. ನಮ್ಮ ಎಷ್ಟು ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಅದು ಗೊತ್ತಿತ್ತು? ಝಕಾತಿನ ಒಂದು ಪಾಲನ್ನು ರಂಝಾನಿನಲ್ಲೇ ಮುಗಿಸಿಬಿಡದೆ, ವರ್ಷದುದ್ದಕ್ಕೂ ಬಾಡಿಗೆ, ಔಷಧ, ಉಪಕರಣ ಉಳಿಸಿಕೊಳ್ಳುವ ನಿಧಿಯಾಗಿ ತೆಗೆದಿಡಲಿ. ಆ ನಿಧಿಯ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಲಿ. ಯಾರ ಮನೆಯ ಒಲೆ ಉರಿಯುತ್ತಿಲ್ಲವೆಂದು ಅವರಿಗೆ ಗೊತ್ತಿರುವಷ್ಟು ಕಮಿಟಿಯ ಗಂಡಸರಿಗೆ ಗೊತ್ತಿರುವುದಿಲ್ಲ. ಆರು ತಿಂಗಳಿಗೊಮ್ಮೆ ಜಮೆ ಖರ್ಚನ್ನು ಗೋಡೆಗೆ ಅಂಟಿಸಲಿ.

ಸುಪ್ರೀಂ ಕೋರ್ಟಿನ 2021ರ ಜೂನ್ 29ರ ತೀರ್ಪಿನ ನಂತರ ಆ ಆಗಸ್ಟಿನಲ್ಲಿ ಇ-ಶ್ರಮ್ ನೋಂದಣಿ ಶುರುವಾಯಿತು. 30 ಕೋಟಿಗೂ ಹೆಚ್ಚು ಮಂದಿಗೆ ಹನ್ನೆರಡು ಅಂಕಿಯ ಸಂಖ್ಯೆ ಸಿಕ್ಕಿತು. ಕೆಲಸ ಹೋದರೆ ಆ ಸಂಖ್ಯೆ ತೋರಿಸಿ ಭತ್ಯೆ ಪಡೆಯುವ ವ್ಯವಸ್ಥೆ ಬರಲಿಲ್ಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೆಲಸದಿಂದ ತೆಗೆದ ಕಾರ್ಮಿಕನ ಮರುತರಬೇತಿಗೆಂದು ಮಾಲೀಕರು 15 ದಿನದ ಕೂಲಿ ಕೊಡಬೇಕೆಂಬ ನಿಯಮ ಅದರಲ್ಲಿದೆ. ಅದೇ ಸಂಹಿತೆ, ಸರ್ಕಾರದ ಅನುಮತಿಯಿಲ್ಲದೆ ಕಾರ್ಮಿಕರನ್ನು ತೆಗೆಯಬಹುದಾದ ಕಾರ್ಖಾನೆಗಳ ಮಿತಿಯನ್ನು ನೂರರಿಂದ ಮುನ್ನೂರು ಕಾರ್ಮಿಕರಿಗೆ ಏರಿಸಿತು. ಒಂದು ಕೈಯಲ್ಲಿ ಹದಿನೈದು ದಿನದ ಕೂಲಿ, ಇನ್ನೊಂದು ಕೈಯಲ್ಲಿ ಗೇಟಿನ ಬೀಗ. ಕರ್ನಾಟಕ 2025ರಲ್ಲಿ ಆಪ್ ಆಧಾರಿತ ಗಿಗ್ ಕಾರ್ಮಿಕರಿಗೆ ಕಾಯಿದೆ ಮಾಡಿ, ಪ್ರತಿ ವಹಿವಾಟಿನ ಮೇಲೆ ಕಲ್ಯಾಣ ಶುಲ್ಕ ಎತ್ತುವ ವ್ಯವಸ್ಥೆ ಮಾಡಿದ್ದು ಸ್ವಾಗತಾರ್ಹ. ಆದರೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಕಂಡದ್ದನ್ನೇ ಇಲ್ಲೂ ಕಾಣದಿರಬೇಕಾದರೆ ಬೈಕಿನ ಮೇಲೆ ಊಟ ತಲುಪಿಸುವ ನಮ್ಮ ಹುಡುಗರು ಈಗಲೇ ಹೆಸರು ಬರೆಸಬೇಕು, ಒಟ್ಟಾಗಬೇಕು.

ಇನ್ನೊಂದು ಮಹಾಮಾರಿ ಬರುವುದಿಲ್ಲ ಎಂದು ಯಾವ ವಿಜ್ಞಾನಿಯೂ ಹೇಳಿಲ್ಲ. ಬಂದ ದಿನ ರಾತ್ರಿ ಎಂಟು ಗಂಟೆಗೆ ನಮ್ಮನ್ನು ಕೇಳಿ ಅದು ಬರುವುದಿಲ್ಲ. ಅಂದು ಅಕ್ಕಿಗಾಗಿ ಅಂಗಡಿ ಹುಡುಕುವ ಬದಲು, ಬರೆದಿಟ್ಟ ರಿಜಿಸ್ಟರ್, ತೆಗೆದಿಟ್ಟ ನಿಧಿ, ಸಿದ್ಧವಿರುವ ಕಾರ್ಡುಗಳೊಂದಿಗೆ ನಿಲ್ಲುವಂತಾದರೆ ಕಿಟ್ಟಿನ ಸಾಲು ಅಷ್ಟು ಉದ್ದವಾಗಲಾರದು. ದುಡಿಯುವವರು ಕೇಳುತ್ತಿರುವುದು ದಯೆಯನ್ನಲ್ಲ, ತಮ್ಮ ಪಾಲನ್ನು. ಮಂಡಳಿಯಲ್ಲಿರುವುದೂ ಅವರ ಪಾಲು, ಝಕಾತಿನಲ್ಲಿರುವುದೂ ಅವರ ಪಾಲು. ಅದನ್ನು ಕೊಡುವಾಗ ಕ್ಯಾಮೆರಾ ಮನೆಯಲ್ಲೇ ಇರಲಿ, ಲೆಕ್ಕದ ಪುಸ್ತಕ ಜೊತೆಗಿರಲಿ.